ಗೋಮಾಳದ ಕ್ಯಾಸೆಟ್

1993 ಫೆಬ್ರವರಿ 21, ಭಾನುವಾರ
ಬಂಗಾರಪೇಟೆ

ಮದುವೆ ಮುಗಿಸಿ ಬಂದು ಕೂತಿದ್ದೇನೆ. ಬಲ ಹೆಗಲು ಕಿತ್ತು ಬರುತ್ತಿದೆ. ಈ ಕ್ಯಾಮೆರಾ ನೋಡುವವರಿಗೆ ಒಡವೆ, ಹೊತ್ತವನಿಗೆ ಮಾತ್ರ ಅದರ ಭಾರ ಗೊತ್ತು. ಹೆಣ್ಣಿನ ಸೋದರಮಾವನನ್ನು ಊಟದ ಪಂಕ್ತಿಯಲ್ಲಿ ಹಿಡಿದೆ, ಮುಯ್ಯಿ ಮಾಡುವಾಗ ಹಿಡಿದೆ, ತಾಂಬೂಲ ತೆಗೆದುಕೊಳ್ಳುವಾಗಲೂ ಹಿಡಿದೆ. ಆದರೂ ಹೊರಡುವ ಹೊತ್ತಿಗೆ ಬಂದು "ವಿಡಿಯೋದಲ್ಲಿ ನಾನು ಬಿದ್ದಿದೀನೇನಪ್ಪಾ?" ಅಂದ. ಅವನನ್ನು ಮತ್ತೆ ಛತ್ರದ ಬಾಗಿಲಲ್ಲಿ ನಿಲ್ಲಿಸಿ ಹಿಡಿಯಬೇಕಾಯಿತು.

ಈ ಕಸುಬಿಗೆ ಇರುವುದು ಒಂದೇ ಕಟ್ಟಳೆ: ಒಂದು ಮುಖವೂ ತಪ್ಪಬಾರದು. ತಾಳಿ ಕಟ್ಟುವುದು ಮಸುಕಾದರೂ ಜನ ಕ್ಷಮಿಸುತ್ತಾರೆ, ಅತ್ತೆಯ ಮುಖ ಬೀಳದಿದ್ದರೆ ಕ್ಷಮಿಸುವುದಿಲ್ಲ. ಮುಯ್ಯಿಯ ಹೊತ್ತಿಗೆ ನಮ್ಮ ಕಡೆ ಉಡುಗೊರೆ ಕೊಟ್ಟವರ ಹೆಸರು, ಊರು, ಸಂಬಂಧ ಮೂರನ್ನೂ ಮೈಕಿನಲ್ಲಿ ಕೂಗುತ್ತಾರೆ. ಕೂಗಿದ ಕೂಡಲೇ ಆ ಮುಖಕ್ಕೆ ಕ್ಯಾಮೆರಾ ತಿರುಗಬೇಕು, ಕ್ಯಾಮೆರಾದ ಹಿಂದೆಯೇ ಆರುಮುಗಂನ ಲೈಟು ತಿರುಗಬೇಕು. ಆರುಮುಗಂ ಊರಿಗಾಂ ಗಣಿಯ ಲೈನುಮನೆಗಳವನು. ಗಣಿಯಲ್ಲಿ ಕರೆಂಟಿನ ಕೆಲಸ ಮಾಡಿ, ಬಿಟ್ಟು ಬಂದು ನನ್ನ ಜೊತೆ ಸೇರಿದ್ದಾನೆ. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಅದಕ್ಕೇ ನನ್ನನ್ನು ತಂಬಿ ಎನ್ನುತ್ತಾನೆ.

ಊಟದ ಪಂಕ್ತಿಯಲ್ಲಿ ಹೆಡ್ ಕಾನ್‌ಸ್ಟೇಬಲ್ ಕೋದಂಡಪ್ಪ ಸಿಕ್ಕಿದ. ಹೋದ ವರ್ಷ ಅವನ ಮಗಳ ಮದುವೆಯನ್ನೂ ನಾನೇ ತೆಗೆದಿದ್ದು.

"ಒಂದು ನಾಯೀನೂ ಬಿಡಲ್ಲ ಕಣಯ್ಯಾ ನೀನು" ಎಂದು ಪಾಯಸ ಸುರಿದುಕೊಳ್ಳುತ್ತ ಹೊಗಳಿದ. "ಬುಧವಾರ ಸ್ಟೇಷನ್ ತಾವ ಬಾ. ನಮ್ ಸಾಹೇಬ್ರು ನಿನ್ನ ನೋಡ್ಬೇಕಂತೆ."

ಏನಿರಬಹುದು? ಅವರ ಮಗನ ಉಪನಯನವಿರಬೇಕು.

ಫೆಬ್ರವರಿ 24, ಬುಧವಾರ

ಉಪನಯನವಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಕುರ್ಚಿ ಕೊಟ್ಟು ಕಾಫಿ ತರಿಸಿದರು. ಎಲ್ಲಿ ಜನ ಸೇರಿದರೂ ಇನ್ನು ಮೇಲೆ ವಿಡಿಯೋ ತೆಗೆಸಬೇಕೆಂದು ಮೇಲಿನಿಂದ ಹೇಳಿದ್ದಾರಂತೆ. ಹೇಳಿದವರು ಕ್ಯಾಮೆರಾ ಕೊಟ್ಟಿಲ್ಲ. ಹೋದ ಸಲ ಯಾರನ್ನೋ ಕರೆಸಿದರೆ ಅವನು ಬಾವುಟ, ಆಕಾಶ, ಜನರ ಬೆನ್ನು ತೆಗೆದುಕೊಂಡು ಬಂದನಂತೆ.

"ನನಗೆ ಮುಖ ಬೇಕು. ಮುಖ ತೆಗೆಯುವುದರಲ್ಲಿ ನಿಮ್ಮನ್ನು ಬಿಟ್ಟರೆ ಇಲ್ಲ ಎನ್ನುತ್ತಾನೆ ಕೋದಂಡಪ್ಪ" ಎಂದರು ಸಾಹೇಬರು.

ಸುಳ್ಳೇಕೆ ಬರೆಯಲಿ, ಬಹಳ ಖುಷಿಯಾಯಿತು. ಸ್ಟೇಷನ್ನಿನಿಂದ ಬಜಾರ್ ರಸ್ತೆಯಲ್ಲಿ ನಡೆದು ಬರುವಾಗ ಎದುರು ಸಿಕ್ಕವರಿಗೆಲ್ಲ ನಾನಾಗಿಯೇ ನಮಸ್ಕಾರ ಹಾಕಿದೆ.

ಸೋಮವಾರ ಕ್ಯಾಸಂಬಳ್ಳಿ ರಸ್ತೆಯಲ್ಲಿ, ಚಿನ್ನಗಾನಪಲ್ಲಿ ಗೋಮಾಳದ ಹತ್ತಿರ ಕೆಲಸ. ಚಿನ್ನಗಾನಪಲ್ಲಿ ನನ್ನ ಹೆಂಡತಿ ಗಂಗರತ್ನಮ್ಮನ ತವರು. ಊರಿನ ದನ ಮೇಯುವ ಗೋಮಾಳವನ್ನು ಯಾವುದೋ ಕಾರ್ಖಾನೆಗೆಂದು ಬೇಲಿ ಹಾಕಿಸುತ್ತಿದ್ದಾರೆ. ಊರಿನವರು ರಸ್ತೆಯಲ್ಲಿ ಕೂರುತ್ತಾರಂತೆ. ಓಡಾಡುತ್ತಿರುವವರಲ್ಲಿ ರತ್ನನ ತಮ್ಮ ಆಂಜಿನಪ್ಪನೇ ಮುಂದು.

"ನೀವು ಯಾರ ಕಡೆಯಿಂದ ಓಗ್ತೀರಿ?" ಎಂದು ರತ್ನ ಕೇಳಿದಳು.

"ನಾನು ಯಾರ ಕಡೆಯೂ ಅಲ್ಲ, ಕ್ಯಾಮೆರಾದ ಕಡೆ" ಎಂದೆ. ನನ್ನ ಮಾತಿಗೆ ನಾನೇ ನಕ್ಕೆ. ಅವಳು ನಗಲಿಲ್ಲ.

ಮಾರ್ಚ್ 1, ಸೋಮವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಜೀಪಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಜನ ಆಗಲೇ ರಸ್ತೆಗೆ ಅಡ್ಡ ಕೂತಿದ್ದರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಹಗ್ಗ ಹಿಡಿದು ನಿಲ್ಲಿಸಿದ ಹಸುಗಳು. ನಾನು ಜೀಪಿನಿಂದ ಇಳಿದದ್ದೇ ತಡ, ಪೋಲೀಸರನ್ನು ನೋಡಿ ಗಂಟಿಕ್ಕಿದ್ದ ಮುಖಗಳೆಲ್ಲ ಸಡಿಲವಾದವು. ಎಲ್ಲರೂ ಗೊತ್ತಿದ್ದವರೇ. ಆ ಊರಿನ ಮದುವೆಗಳನ್ನೆಲ್ಲ ನಾನೇ ತೆಗೆದಿರುವುದು.

"ವಿಡಿಯೋ ಅಳಿಯಂದ್ರು ಬಂದ್ರು, ಸರ್ಯಾಗಿ ಕೂತ್ಕಳ್ರೇ" ಎಂದಳು ಒಬ್ಬಳು. ಹೆಂಗಸರು ಸೆರಗು ಸರಿಮಾಡಿಕೊಂಡರು. ಗಂಡಸರು ತಲೆಯ ಟವಲು ಬಿಚ್ಚಿ ಮತ್ತೆ ಕಟ್ಟಿದರು. ನಾನೂ ಅಭ್ಯಾಸಬಲದಿಂದ ಸಾಲು ಹಿಡಿದೆ, ಊಟದ ಪಂಕ್ತಿಯಲ್ಲಿ ಹಿಡಿಯುವ ಹಾಗೆ, ಒಂದೊಂದು ಮುಖಕ್ಕೂ ನಿಂತು. ಯಾರೂ ಮುಖ ತಿರುಗಿಸಲಿಲ್ಲ. ಹಿಂದೆ ಕೂತವರು ಮುಂದೆ ಬಂದು ಕೂತರು. ಡೇರಿಯ ಸೆಕ್ರೆಟರಿ ರಾಮಚಂದ್ರಪ್ಪ "ನನ್ನ ಈ ಪಕ್ಕದಿಂದ ತೆಗೀಪ್ಪಾ, ಆ ಕಡೆ ಅಲ್ಲು ಬಿದ್ದೋಗದೆ" ಎಂದ. ಆಂಜಿನಪ್ಪ ಕೆಂಪು ಷರ್ಟು ಹಾಕಿಕೊಂಡು ಎದುರಿಗೇ ಬಂದು ನಿಂತು, "ಬಾವ, ಇದನ್ನ ಡಿಲ್ಲಿಗಂಟ ತೋರಿಸ್ಬೇಕು, ಚೆಂದಾಗಿ ತೆಗೀ" ಎಂದ. ನಾನು ಫೋಕಸ್ ಸರಿಮಾಡಿಕೊಂಡೆ. ಇದನ್ನು ತೆಗೆಸುತ್ತಿರುವವರು ಯಾರೆಂದು ಹೇಳಬೇಕಿತ್ತು. ಜೀಪಿನಲ್ಲಿ ಬಂದವನನ್ನು ನೋಡಿಯೂ ಅವರಿಗೆ ಅನುಮಾನ ಬರಲಿಲ್ಲವಲ್ಲ.

ಹೊತ್ತು ನೆತ್ತಿಗೆ ಬಂದಾಗ ಸಾಹೇಬರು ಏಳಿ ಎಂದರು. ಮುನಿಸ್ವಾಮಪ್ಪ ಏಳಲಿಲ್ಲ. ಅವನು ಊರಿಗೇ ಹಿರಿಯ, ಪ್ರತಿ ಮದುವೆಯಲ್ಲೂ ಲೈಟು ಕಣ್ಣಿಗೆ ಬಿತ್ತೆಂದು ಆರುಮುಗಂನನ್ನು ಬೈಯುವವನು. ಹಸುವಿನ ಹಗ್ಗ ಕೈಗೆ ಸುತ್ತಿಕೊಂಡು "ದನಕ್ಕೆ ಮೊದ್ಲು ಜಾಗ ತೋರ್ಸು, ಆಮ್ಯಾಕೆ ಏಳ್ತೀನಿ" ಎಂದ. ಸಾಹೇಬರೇ ಮುಂದೆ ಬಂದು ಲಾಠಿ ಬೀಸಿದರು. ಅದು ತಲೆಗೆ ಬಿತ್ತು. ಮುದುಕ ಮಲಗಲು ಹೊರಟವನಂತೆ ನಿಧಾನವಾಗಿ ಒಂದು ಪಕ್ಕಕ್ಕೆ ಒರಗಿದ. ಆಮೇಲೆ ಆಂಜಿನಪ್ಪ ಕಲ್ಲು ಎತ್ತಿದ. ಜೀಪಿನ ಗಾಜು ಒಡೆಯಿತು. ಆಮೇಲೆ ಎಲ್ಲರಿಗೂ ಏಟು.

ಯಾರು ಎದ್ದರೂ ಅವರ ಮುಖಕ್ಕೆ ತಿರುಗುವ ಕೈ ನನ್ನದು. ಎಲ್ಲವೂ ಕ್ಯಾಸೆಟ್ಟಿನಲ್ಲಿ ಬಿದ್ದಿದೆ.

ಮಾರ್ಚ್ 2

ಕ್ಯಾಸೆಟ್ ಸ್ಟೇಷನ್ನಿಗೆ ಕೊಟ್ಟೆ. ಕೊಡುವ ಮೊದಲು ಒಂದು ಕಾಪಿ ಮಾಡಿಕೊಂಡೆ. ಮದುವೆ ಕ್ಯಾಸೆಟ್ಟಿಗೂ ಹಾಗೇ ಮಾಡುತ್ತೇನೆ, ಟೇಪು ಸಿಕ್ಕಿಹಾಕಿಕೊಂಡರೆ ಮತ್ತೊಂದು ಮದುವೆ ಮಾಡಿಸಲಾಗುವುದಿಲ್ಲ. ಇದು ಆರುಮುಗಂಗೆ ಮಾತ್ರ ಗೊತ್ತು.

ಮುನಿಸ್ವಾಮಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ. ಮಾತಿಲ್ಲವಂತೆ.

ಮಾರ್ಚ್ 5, ಶುಕ್ರವಾರ

ಇವತ್ತು ಮಧ್ಯಾಹ್ನವೆಲ್ಲ ಸ್ಟೇಷನ್ನಿನಲ್ಲಿ. ಒಳಕೋಣೆಯಲ್ಲಿ ಟೀವಿ, ವಿಸಿಆರ್ ಇಟ್ಟಿದ್ದರು. ಕೋದಂಡಪ್ಪ ಒಂದೊಂದು ಮುಖ ಬಂದಾಗಲೂ ನಿಲ್ಲಿಸಿ "ಇದ್ಯಾರು?" ಎನ್ನುತ್ತಿದ್ದ. ಗೊತ್ತಿಲ್ಲ ಎಂದೆ. "ಇವ್ರ ಮನೆ ಮದ್ವೇಲೆಲ್ಲಾ ಉಂಡು ಬಂದಿದೀಯ, ಗೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ ಆದಿನಾರಾಯಣ?" ಎಂದ. ಬೆದರಿಸುವ ದನಿಯಲ್ಲ, ಬೀಗರನ್ನು ಮಾತಾಡಿಸುವ ದನಿ.

ಸುಮ್ಮನೆ ಕೂತಿದ್ದವರ ಹೆಸರು ಹೇಳಿದರೆ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಇವರು ಡೇರಿ ರಾಮಚಂದ್ರಪ್ಪ, ಪಾಪ, ಜೋರಾಗಿ ಮಾತೂ ಆಡುವವರಲ್ಲ. ಇವರು ಶ್ರೀರಾಮಪ್ಪ, ಅವರ ಷಡ್ಡಕ. ಇವಳು ಅವರ ನಾದಿನಿ. ಒಮ್ಮೆ ಶುರುವಾದ ಮೇಲೆ ಸರಾಗವಾಗಿ ಬಂತು. ಮೂಲೆಯಲ್ಲಿ ಅರ್ಧ ಕಿವಿ ಮಾತ್ರ ಕಾಣುತ್ತಿದ್ದ ಒಬ್ಬನನ್ನೂ ಗುರುತು ಹಿಡಿದೆ. "ಭೇಷ್" ಎಂದರು ಸಾಹೇಬರು. ಅದು ಬೇಕಿರಲಿಲ್ಲ, ಆದರೂ ಹೇಳಿಸಿಕೊಂಡಾಗ ಹಿತವಾಯಿತು.

ಮುದುಕನಿಗೆ ಏಟು ಬೀಳುವ ಜಾಗ ಬಂದಾಗ ಕೋದಂಡಪ್ಪ ಟೇಪನ್ನು ಮುಂದಕ್ಕೆ ಓಡಿಸಿಬಿಟ್ಟ. ಕೆಂಪು ಷರ್ಟಿನವನ ಮೇಲೆ ನಿಲ್ಲಿಸಿದ.

"ಇವ್ನು?"

"ಬೇರೆ ಊರಿನವನಿರಬೇಕು. ನೋಡಿಲ್ಲ."

ಚಿತ್ರ ನಿಂತ ಕಡೆಯೇ ನಡುಗುತ್ತಿತ್ತು.

ಮಾರ್ಚ್ 9

ನಾನು ಹೆಸರು ಹೇಳಿದವರನ್ನೆಲ್ಲ ಎತ್ತಿಕೊಂಡು ಹೋಗಿದ್ದಾರೆ. ರಾಮಚಂದ್ರಪ್ಪನನ್ನು ಹಾಲು ಅಳೆಯುತ್ತಿದ್ದ ಹಾಗೇ ಕರೆದುಕೊಂಡು ಹೋದರಂತೆ, ಕೈ ತೊಳೆಯಲೂ ಬಿಡದೆ. ಓಡಿಹೋಗಿ ಕೋದಂಡಪ್ಪನನ್ನು ಕೇಳಿದೆ, ನಾನು ಹೇಳಿದ್ದು ಸುಮ್ಮನೆ ಕೂತವರ ಹೆಸರಲ್ಲವೇ ಎಂದು.

"ಕೂತ್ಕೊಳ್ಳಾದೂ ಕೇಸೇ ಕಣಪ್ಪಾ" ಎಂದ.

ಆಂಜಿನಪ್ಪ ಊರು ಬಿಟ್ಟಿದ್ದಾನೆ. ಎಲ್ಲಿದ್ದಾನೆಂದು ರತ್ನನಿಗೆ ಗೊತ್ತಿದೆಯೋ ಇಲ್ಲವೋ, ನಾನು ಕೇಳಲಿಲ್ಲ. ಗೊತ್ತಿದ್ದರೂ ನನಗೆ ಹೇಳುತ್ತಾಳೆಯೇ? ಒಂದು ವಾರದ ಹಿಂದೆ ಈ ಪ್ರಶ್ನೆಯೇ ನನ್ನ ತಲೆಗೆ ಬರುತ್ತಿರಲಿಲ್ಲ.

ಮಾರ್ಚ್ 13, ಶನಿವಾರ

ನನ್ನಷ್ಟು ದೊಡ್ಡ ಪೆದ್ದ ಈ ಬಂಗಾರಪೇಟೆಯಲ್ಲಿಲ್ಲ.

ಗಿರಾಕಿಗಳಿಗೆ ತೋರಿಸಲೆಂದು ಮನೆಯ ಮುಂಭಾಗದ ಅಂಗಡಿಯ ಟೀವಿಯಲ್ಲಿ ಒಂದು ಮದುವೆ ಕ್ಯಾಸೆಟ್ ಸದಾ ಓಡುತ್ತಿರುತ್ತದೆ. ನಾನು ತೆಗೆದದ್ದರಲ್ಲೆಲ್ಲ ಚೆನ್ನಾಗಿ ಬಂದಿರುವುದು ಅದೇ. ಇವತ್ತು ಕೋದಂಡಪ್ಪ ಬೀಡಿ ಹಚ್ಚಲು ಬೆಂಕಿಪೊಟ್ಟಣ ಕೇಳಿಕೊಂಡು ಬಂದವನು ಟೀವಿಯ ಮುಂದೆ ಹಾಗೇ ನಿಂತುಬಿಟ್ಟ. ಬೀಡಿ ಹಚ್ಚಲಿಲ್ಲ. ಮದುಮಗ ಬಾಸಿಂಗ ಬಿಚ್ಚಿ, ಬೆವರು ಒರೆಸಿಕೊಂಡು, ಕ್ಯಾಮೆರಾ ನೋಡಿ ನಕ್ಕ. ಆಂಜಿನಪ್ಪ.

ಪಕ್ಕದಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ನನ್ನ ಹೆಂಡತಿ ನಿಂತಿದ್ದಳು.

"ಬೇರೆ ಊರೋನು ಅಂದೆ" ಎಂದ ಕೋದಂಡಪ್ಪ, ಮೆಲ್ಲಗೆ.

ಸಂಜೆ ಸಾಹೇಬರು ಕುರ್ಚಿ ಕೊಡಲಿಲ್ಲ. ಆರೋಪಿಯನ್ನು ಬಚ್ಚಿಟ್ಟವನೂ ಆರೋಪಿಯೇ ಎಂದರು. ಕ್ಯಾಮೆರಾವನ್ನು ಕೇಸಿನ ಮಾಲು ಎಂದು ಬರೆದುಕೊಂಡು ಇಟ್ಟುಕೊಂಡರು. ಅವರಿಗೆ ಬೇಕಾದ ದಿನ ಕೊಡುತ್ತಾರಂತೆ, ತೆಗೆದು ಮತ್ತೆ ತಂದು ಒಪ್ಪಿಸಬೇಕಂತೆ. ಮದುವೆಗಳಿಗೆ ರಾಬರ್ಟ್‌ಸನ್‌ಪೇಟೆಯಿಂದ ಬಾಡಿಗೆಗೆ ತರಬೇಕು. ನನ್ನ ಕೈ ಕತ್ತರಿಸಿ ಕಪಾಟಿನಲ್ಲಿಟ್ಟುಕೊಂಡ ಹಾಗಾಗಿದೆ.

ಮಾರ್ಚ್ 14

ಆ ಮದುವೆ ಕ್ಯಾಸೆಟ್ಟನ್ನು ಸ್ಟೇಷನ್ನಿಗೆ ತೆಗೆದುಕೊಂಡು ಹೋದೆ. ತೆಗೆದುಕೊಂಡು ಹೋಗದೆ ಏನು ಮಾಡಲಿ?

ಅವರಿಗೆ ಬೇಕಾಗಿದ್ದು ಮುಯ್ಯಿಯ ಭಾಗ. ಮೈಕಿನಲ್ಲಿ ಕೂಗುತ್ತಾ ಹೋದ ಹಾಗೆ ಕೋದಂಡಪ್ಪ ಬರೆದುಕೊಳ್ಳುತ್ತಾ ಹೋದ. ಕ್ಯಾಸಂಬಳ್ಳಿ ಮುನಿನಾರಾಯಣಮ್ಮ, ಮದುಮಗನ ಸೋದರತ್ತೆ. ಇಂಥ ಊರಿನ ಇಂಥವರು, ದೊಡ್ಡಪ್ಪನ ಮಗ. ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಆ ದಿನ ಮೈಕಿನವನ ಹತ್ತಿರ ನನ್ನ ವೈರು ಕೊಟ್ಟು ಧ್ವನಿ ತೆಗೆದುಕೊಂಡಿದ್ದೆ, ಬೇರೆ ಯಾವ ವಿಡಿಯೋದವನೂ ಅಷ್ಟು ತೊಂದರೆ ತೆಗೆದುಕೊಳ್ಳುವುದಿಲ್ಲ.

ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ.

ಮಾರ್ಚ್ 17, ಬುಧವಾರ

ಅತ್ತೆ ಓಬಳಮ್ಮ ಮಧ್ಯಾಹ್ನ ಬಸ್ಸಿನಲ್ಲಿ ಬಂದರು. ನೀರೂ ಕುಡಿಯಲಿಲ್ಲ. ಪೋಲೀಸರು ನೆಂಟರ ಮನೆಗಳಿಗೆಲ್ಲ ನುಗ್ಗಿದ್ದಾರೆ. ಕ್ಯಾಸಂಬಳ್ಳಿಯಲ್ಲಿ ಮುನಿನಾರಾಯಣಮ್ಮನ ಪಾತ್ರೆಪಗಡ ಬೀದಿಗೆ ಎಸೆದು, ರಾಗಿ ತುಂಬಿದ ವಾಡೆಯನ್ನು ಕೋಲಿನಿಂದ ಕೆದಕಿ ನೋಡಿದರಂತೆ. ಆಂಜಿನಪ್ಪ ಸಿಕ್ಕಿಲ್ಲ.

"ಅಳಿಯಂದ್ರೇ, ನಮ್ ನೆಂಟ್ರ ಮನೆಗಳು ಆ ನನ್ ಮಕ್ಕಳಿಗೆ ಎಂಗೆ ಗೊತ್ತಾಯ್ತು?" ಎಂದು ಕೇಳಿದರು. "ನಮ್ಗೇ ಎಲ್ಲಾ ನೆಪ್ಪಿಲ್ಲ."

"ಪೋಲೀಸರಿಗೆ ಎಲ್ಲ ಗೊತ್ತಿರುತ್ತದೆ ಅತ್ತೆ" ಎಂದೆ.

ರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಆಮೇಲೆ ಮದುವೆ ಕ್ಯಾಸೆಟ್ ಓಡದೆ ಖಾಲಿಯಾಗಿದ್ದ ಅಂಗಡಿ ಟೀವಿಯ ಕಡೆ ನೋಡಿದಳು. ನನಗೆ ನಾಚಿಕೆಯಾಯಿತು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನುವಷ್ಟು ನಾಚಿಕೆಯಾಯಿತು.

ಮಾರ್ಚ್ 23

ಮುನಿಸ್ವಾಮಪ್ಪ ತೀರಿಕೊಂಡ. ನಾಳೆ ಯುಗಾದಿ. ಚಿನ್ನಗಾನಪಲ್ಲಿಯಲ್ಲಿ ಯಾರ ಮನೆಯಲ್ಲೂ ಒಬ್ಬಟ್ಟಿಲ್ಲ, ನಮ್ಮ ಮನೆಯಲ್ಲೂ ಇಲ್ಲ.

ಮಣ್ಣಿಗೆ ರತ್ನ ಒಬ್ಬಳೇ ಹೋಗಿ ಬಂದಳು. ನಾನು ಪೋಲೀಸರ ಕ್ಯಾಮೆರಾ ಹಿಡಿದುಕೊಂಡು ಊರಾಚೆ ರಸ್ತೆಯಲ್ಲಿ ಜೀಪಿನ ಹಿಂದೆ ನಿಂತಿದ್ದೆ. ಸಾವಿಗೆ ಬಂದವರನ್ನೂ ತೆಗೆಯಬೇಕಂತೆ. 'ಪೋಲೀಸರ ಕ್ಯಾಮೆರಾ' ಎಂದು ಬರೆದುಬಿಟ್ಟೆ. ಅದು ನನ್ನದೇ.

ಏಪ್ರಿಲ್ 4, ಭಾನುವಾರ

ರಾಬರ್ಟ್‌ಸನ್‌ಪೇಟೆಯಲ್ಲಿ ಮದುವೆ. ಬಾಡಿಗೆ ಕ್ಯಾಮೆರಾ ಕೈಗೆ ಕೂರುವುದಿಲ್ಲ. ಚಿನ್ನಗಾನಪಲ್ಲಿ ಕಡೆಯ ನೆಂಟರು ಇದ್ದ ಪಂಕ್ತಿಗೆ ಹೋದೆ. ಒಬ್ಬಳು ಎಲೆಯ ಮೇಲೆ ತಲೆ ಬಗ್ಗಿಸಿದಳು, ಅವಳ ಪಕ್ಕದವಳೂ ಬಗ್ಗಿಸಿದಳು, ಹಾಗೇ ಸಾಲಿಗೆ ಸಾಲೇ. ನನಗೆ ಬಿದ್ದದ್ದು ಬರೀ ಬೈತಲೆಗಳು. ಹೆಣ್ಣಿನ ತಂದೆ ದುಡ್ಡು ಕೊಡುವಾಗ ಏನು ಹೇಳುತ್ತಾನೋ.

"ತಂಬಿ, ನಾನು ಲೈಟ್ ಆಫ್ ಮಾಡ್ತೀನಿ. ಸಾಪ್ಡಟ್ಟುಂ, ಊಟ ಮಾಡ್ಲಿ ಬಿಡು" ಎಂದ ಆರುಮುಗಂ.

ಪೋಲೀಸರು ಎತ್ತಿಕೊಂಡು ಹೋಗಿದ್ದ ಶ್ರೀರಾಮಪ್ಪನ ಮಗ ಊಟಕ್ಕೆ ಕೂರಲಿಲ್ಲ. ಎಲೆಯಲ್ಲಿ ಅನ್ನ ಕಟ್ಟಿಸಿಕೊಂಡು ಹಿಂಬಾಗಿಲಿಂದ ಹೋದ. ಇಬ್ಬರು ಉಣ್ಣುವಷ್ಟಿತ್ತು. ಊರಿಗಾಂ ಕಡೆಗೆ ತಿರುಗಿದ, ಬಸ್‌ಸ್ಟ್ಯಾಂಡಿನ ಕಡೆಗಲ್ಲ. ಸುಮ್ಮನೆ ಕಣ್ಣಿಗೆ ಬಿತ್ತು, ಬರೆದಿಟ್ಟೆ. ಈ ಕಸುಬಿನಲ್ಲಿ ಕಣ್ಣು ಹಾಗೇ ಆಗುತ್ತದೆ.

ಏಪ್ರಿಲ್ 6

ಟೀ ಅಂಗಡಿಯಲ್ಲಿ ಕೋದಂಡಪ್ಪ ಸಿಕ್ಕಿದ್ದ. ಮಾತಿಗೆ ಮಾತು ಬಂದು ಅನ್ನದ ಗಂಟಿನ ವಿಷಯ ಹೇಳಿದೆ. ಅವನೇನೂ ಕೇಳಿರಲಿಲ್ಲ. ಟೀ ದುಡ್ಡು ಅವನೇ ಕೊಟ್ಟ.

ಏಪ್ರಿಲ್ 8

ಊರಿಗಾಂ ಲೈನುಗಳಲ್ಲಿ ಹುಡುಕಾಟ. ಆರುಮುಗಂನ ಮನೆಯನ್ನೂ ಬಿಟ್ಟಿಲ್ಲ. ಆಂಜಿನಪ್ಪ ಸಿಗಲಿಲ್ಲ. ಪೋಲೀಸರಿಗೆ ಯಾರು ಹೇಳಿದರೋ ಎಂದು ಆರುಮುಗಂ ತಲೆ ಕೆಡಿಸಿಕೊಂಡಿದ್ದಾನೆ. ಈಗಿನ ಕಾಲದಲ್ಲಿ ಯಾರನ್ನೂ ನಂಬುವ ಹಾಗಿಲ್ಲ ಎಂದೆ.

ಏಪ್ರಿಲ್ 19, ಸೋಮವಾರ

ಮುದುಕ ಸತ್ತದ್ದಕ್ಕೆ ಕೊನೆಗೂ ವಿಚಾರಣೆ ಬಂದಿದೆ. ಕೋಲಾರದಿಂದ ಅಸಿಸ್ಟೆಂಟ್ ಕಮಿಷನರ್ ಬಂದು ಪ್ರವಾಸಿ ಮಂದಿರದಲ್ಲಿ ಎಲ್ಲರ ಎದುರಿಗೇ ಕೇಳುತ್ತಾರಂತೆ. ನೋಡಿದವರು ಹೇಳಬಹುದು, ಇದ್ದದ್ದನ್ನು ತೋರಿಸಬಹುದು. ಪೋಲೀಸರು ಕೊಟ್ಟಿರುವ ಉತ್ತರ ಆಗಲೇ ಊರೆಲ್ಲ ಹರಡಿದೆ: ಮುದುಕ ನೂಕುನುಗ್ಗಲಲ್ಲಿ ಬಿದ್ದ, ಕ್ಯಾಸೆಟ್ಟಿನ ಟೇಪು ಆ ಜಾಗದಲ್ಲಿ ವಿಸಿಆರ್‌ಗೆ ಸಿಕ್ಕಿ ಹರಿದುಹೋಯಿತು.

ರತ್ನ ತಟ್ಟೆ ಮುಂದಿಟ್ಟು ಎದುರಿಗೇ ಕೂತಳು. ಎಷ್ಟೋ ದಿನಗಳ ಮೇಲೆ.

"ನಿಮ್ ತಾವ ಇನ್ನೊಂದು ಕ್ಯಾಸೆಟ್ ಐತೆ ಅಂತ ಆರುಮುಗಂ ಅಣ್ಣ ಅಂದ್ರು."

"ಅದರಲ್ಲಿ ನಿನ್ನ ತಮ್ಮ ಕಲ್ಲು ಹೊಡೆದದ್ದೂ ಇದೆ. ಅದನ್ನು ಬಿಟ್ಟು ಇದನ್ನು ತೋರಿಸಲು ಬರುವುದಿಲ್ಲ. ಕತ್ತರಿಸಿದರೆ ಒಪ್ಪುವುದಿಲ್ಲ."

"ಒಡ್ದವ್ನೆ, ಒಡ್ದೆ ಅಂತಾನೆ. ಅದಕ್ಕೆಷ್ಟೋ ಅಷ್ಟು ಜೈಲು. ಮುದುಕಪ್ಪನ್ನ ಒಡ್ದೋರು ಒಡ್ದೆ ಅಂತಾರಾ?" ಎಂದಳು. "ನನ್ ತಮ್ಮ ಇನ್ನೆಷ್ಟು ದಿನ ಬೇರೇರ ಮನೇಲಿ ಅವ್ತು ಕೂತಿರ್ಬೇಕು? ನೀವು ಕೊಡಿ. ಅವ್ನಿಗೆ ನಾನು ಯೋಳ್ತೀನಿ."

ಯೋಚನೆ ಮಾಡೋಣ ಎಂದೆ. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳೋ ಏನೋ, ಇನ್ನೊಂದು ಮುದ್ದೆ ಹಾಕಿದಳು.

ಏಪ್ರಿಲ್ 27, ಮಂಗಳವಾರ

ಕೋದಂಡಪ್ಪ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ಮಗಳು ಬಸುರಿಯಂತೆ, ಸೀಮಂತಕ್ಕೆ ನಾನೇ ಬರಬೇಕಂತೆ. ಎದ್ದು ಹೋಗುವಾಗ ಹೇಳಿದ.

"ನಿನ್ ತಾವ ಕಾಪಿ ಐತೋ ಇಲ್ವೋ ನಮ್ಗೆ ಗೊತ್ತಿಲ್ಲ. ಇದ್ರೆ ನಿನ್ ಬಾಮೈದ ಹೋದ. ಆರೇಳು ವರ್ಷ ಒಳಗೆ ಹಾಕ್ಸ್ತಾರೆ. ಇಲ್ಲಾಂದ್ರೆ ಗಾಜು ಒಡ್ದಿದ್ದು ಯಾರೋ ಏನೋ, ಸಾಹೇಬ್ರೂ ಮರೀತಾರೆ. ನಿನ್ ಕ್ಯಾಮೆರಾನೂ ಪಾಪ ಧೂಳು ಹಿಡೀತಾ ಐತೆ."

ಏಪ್ರಿಲ್ 28

ಅಳಿಸಿದೆ.

ಮಧ್ಯಾಹ್ನ ರತ್ನ ನೀರಿಗೆ ಹೋಗಿದ್ದಳು. ಬಾಗಿಲು ಅರ್ಧ ಎಳೆದು, ವಿಸಿಆರ್‌ಗೆ ಚಿತ್ರದ ವೈರು ಕೊಡದೆ ರೆಕಾರ್ಡ್ ಒತ್ತಿದೆ, ಇದ್ದದ್ದರ ಮೇಲೆ ಬರೀ ಕಪ್ಪು ಕೂರುತ್ತದೆ. ಸಾಹೇಬರು ಮುಂದೆ ಬರುವಲ್ಲಿಂದ ಗಾಜು ಒಡೆಯುವವರೆಗೆ. ಒತ್ತುವ ಮೊದಲು ಒಂದು ಸಲ ನೋಡಿದೆ. ಚಿತ್ರ ಬಹಳ ಚೆನ್ನಾಗಿ ಬಂದಿತ್ತು. ಲಾಠಿ ಎತ್ತಿದ ಕೈ, ಸಾಹೇಬರ ಮುಖ, ಹಗ್ಗ ಬಿಡದ ಮುದುಕನ ಮುಷ್ಟಿ. ನಾನು ತೆಗೆದಿರುವುದರಲ್ಲೆಲ್ಲ ಅದೇ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತಿದೆ.

ಇದನ್ನು ಆಂಜಿನಪ್ಪನಿಗಾಗಿಯೇ ಮಾಡಿದ್ದು. ರತ್ನನಿಗೆ ಈಗಲೇ ಹೇಳುವುದಿಲ್ಲ. ತಪ್ಪು ತಿಳಿದುಕೊಳ್ಳುತ್ತಾಳೆ. ಎಲ್ಲ ತಣ್ಣಗಾಗಲಿ.

ಮೇ 6, ಗುರುವಾರ

ಪ್ರವಾಸಿ ಮಂದಿರದ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಯಾಸೆಟ್ ಇದೆಯೆಂದು ರತ್ನ ಮೊದಲೇ ಕಚೇರಿಯವರಿಗೆ ತಿಳಿಸಿಬಿಟ್ಟಿದ್ದಳು. ನನಗೆ ಕರೆ ಬಂತು, ಕ್ಯಾಸೆಟ್ ಸಮೇತ. ಟೇಪು ಕೆಟ್ಟಿದೆ ಎಂದು ಹೇಳಿ ಮುಗಿಸಿಬಿಡುವುದೆಂದು ನಿರ್ಧರಿಸಿ ಹೋಗಿದ್ದೆ. ಆ ಕಡೆ ಸಾಹೇಬರು, ಕೋದಂಡಪ್ಪ. ಈ ಕಡೆ ಊರಿನವರು. ಟೀವಿ ನಡುವೆ.

ನನ್ನ ಹೆಸರು ಕೂಗುವ ಮುಂಚೆಯೇ ಜನರ ಹಿಂದಿನಿಂದ ಆಂಜಿನಪ್ಪ ಬಂದ. ಗಡ್ಡ ಬಿಟ್ಟಿದ್ದ, ಇಳಿದುಹೋಗಿದ್ದ. ರತ್ನ ಅವನಿಗೆ ಸುದ್ದಿ ಕಳಿಸಿದ್ದಳು. ಅವಳು ಹೇಳಿಕಳಿಸುತ್ತಾಳೆಂದು ನನಗೆ ಗೊತ್ತಿತ್ತು. ಬರುತ್ತಾನೆಂದು ಮಾತ್ರ ಅಂದುಕೊಂಡಿರಲಿಲ್ಲ. ನನ್ನನ್ನು ನೋಡಿ ತಲೆ ಆಡಿಸಿದ, ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟವರಿಗೆ ಆಡಿಸುವ ಹಾಗೆ. ಆಗ ಎದ್ದು ಅವನ ಬಾಯಿ ಮುಚ್ಚಬೇಕಿತ್ತು. ಕ್ಯಾಸೆಟ್ ಹಿಡಿದುಕೊಂಡು ಕೂತೇ ಇದ್ದೆ.

"ಸ್ವಾಮಿ, ನನ್ನೇಸ್ರು ಆಂಜಿನಪ್ಪ. ಜೀಪಿಗೆ ಕಲ್ಲು ಒಡ್ದಿದ್ದು ನಾನೇ" ಎಂದ. "ಯಾಕೆ ಒಡ್ದೆ ಅಂತ ನಮ್ಮ ಬಾವನ ಕ್ಯಾಸೆಟ್ಟಲ್ಲಿ ಐತೆ. ಮುನಿಸ್ವಾಮಪ್ಪನ್ನ ಯಾರು ಒಡ್ದ್ರು ಅಂತಾನೂ ಐತೆ. ಎಲ್ಡೂ ನೋಡಿ. ಆಮ್ಯಾಕೆ ನಂಗೆ ಏನ್ ಮಾಡ್ತೀರೋ ಮಾಡಿ."

ಅಸಿಸ್ಟೆಂಟ್ ಕಮಿಷನರ್ ಅದನ್ನು ಬರೆಸಿಕೊಂಡರು. ಕ್ಯಾಸೆಟ್ ಹಾಕಿಸಿದರು. ಸಾಲಾಗಿ ಮುಖಗಳು ಬಂದವು. ತಮ್ಮ ತಮ್ಮ ಮುಖ ನೋಡಿ ಈ ನೋವಿನಲ್ಲೂ ಜನ ಸ್ವಲ್ಪ ಮಿಸುಕಾಡಿದರು. ಟೀವಿಯಲ್ಲಿ ರಾಮಚಂದ್ರಪ್ಪ ಹಲ್ಲಿರುವ ಪಕ್ಕ ತೋರಿಸಲು ತಿರುಗಿದ. ಮುದುಕ ಹಗ್ಗ ಸುತ್ತಿಕೊಂಡು ಕೂತಿದ್ದ. ಆಮೇಲೆ ಟೀವಿ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಮತ್ತೆ ಚಿತ್ರ ಬಂದಾಗ ಜನ ಓಡುತ್ತಿದ್ದರು.

ಆಂಜಿನಪ್ಪ ಇನ್ನೂ ಟೀವಿಯನ್ನೇ ನೋಡುತ್ತಿದ್ದ, ಇನ್ನೇನು ಬರುತ್ತದೆ ಎನ್ನುವ ಹಾಗೆ.

"ಟೇಪು ಹೋಗಲಿ. ನೀವು ಅಲ್ಲಿದ್ದಿರಿ. ಕಣ್ಣಾರೆ ಕಂಡದ್ದನ್ನು ಹೇಳಿ, ಸಾಕು" ಎಂದರು ಅಸಿಸ್ಟೆಂಟ್ ಕಮಿಷನರ್.

ಊರಿನವರೆಲ್ಲ ನನ್ನ ಕಡೆ ತಿರುಗಿದರು. ಅಷ್ಟು ಮುಖ ಒಟ್ಟಿಗೆ, ಕ್ಯಾಮೆರಾ ಇಲ್ಲದೆ, ನಾನು ಯಾವತ್ತೂ ನೋಡಿರಲಿಲ್ಲ.

"ನಾನು ಕ್ಯಾಮೆರಾದಲ್ಲಿ ನೋಡುತ್ತಿದ್ದೆ ಸ್ವಾಮಿ. ಅದರಲ್ಲಿ ಏನಿದೆಯೋ ಅಷ್ಟೇ ನನಗೆ ಗೊತ್ತು."

ಆರುಮುಗಂ ಎದ್ದು ನಿಂತು, "ನಾನು ಪಾತ್ತೇನ್ ಸಾಮಿ, ನಾನು ನೋಡ್ದೆ" ಎಂದು ಶುರು ಮಾಡಿದ. ಮದುವೆಯಲ್ಲಿ ಲೈಟು ಹಿಡಿಯುವವನು, ಕುಡಿಯುತ್ತಾನೆ, ಆರೋಪಿಯ ಕಡೆಯವನು ಎಂದೆಲ್ಲ ಸಾಹೇಬರ ವಕೀಲರು ಹೇಳಿದರು. ಅವನು ಕುಡಿಯುವುದಿಲ್ಲ. ಅದನ್ನಾದರೂ ನಾನು ಹೇಳಬಹುದಿತ್ತು.

ಆಂಜಿನಪ್ಪನನ್ನು ಮೆಟ್ಟಿಲಲ್ಲೇ ಹಿಡಿದುಕೊಂಡರು. ರತ್ನ ಅಳಲಿಲ್ಲ, ನನ್ನ ಹತ್ತಿರ ಬಂದು ನಿಂತಳು.

"ಯಾವತ್ತು ಅಳಿಸಿದ್ರಿ?" ಎಂದು ಕೇಳಿದಳು.

"ಅವನಿಗೋಸ್ಕರವೇ" ಎಂದೆ.

"ನಾನು ಕೇಳಿದ್ದು ಯಾವತ್ತು ಅಂತ." ಉತ್ತರಕ್ಕೆ ಕಾಯದೆ ತಾಯಿಯ ಕೈ ಹಿಡಿದುಕೊಂಡು ಬಸ್ಸಿಗೆ ಹೋದಳು.

ಮೇ 8

ಮನೆಯಲ್ಲಿ ಯಾರೂ ಇಲ್ಲ. ಆರುಮುಗಂ ಲೈಟನ್ನು ಅಂಗಡಿಯ ಬಾಗಿಲಲ್ಲಿಟ್ಟು ಹೋಗಿದ್ದಾನೆ, ವೈರು ನೀಟಾಗಿ ಸುತ್ತಿ.

ಅವಳು ಆ ದಿನ ಸುದ್ದಿ ಕಳಿಸುವ ಮೊದಲು ನನಗೊಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಹೀಗಾಗುತ್ತಿರಲಿಲ್ಲ.

ಮೇ 16, ಭಾನುವಾರ

ಕ್ಯಾಮೆರಾ ವಾಪಸು ಬಂತು. ಕೋದಂಡಪ್ಪನೇ ಹೊತ್ತು ತಂದ. ಸಾಹೇಬರಿಗೆ ಸಂತೋಷವಾಗಿದೆಯಂತೆ. ಲೆನ್ಸಿಗೆ ಧೂಳು ಹಿಡಿದಿತ್ತು, ಮಧ್ಯಾಹ್ನವೆಲ್ಲ ಕೂತು ಒರೆಸಿದೆ. ಹೆಗಲ ಮೇಲಿಟ್ಟುಕೊಂಡರೆ ತನ್ನ ಜಾಗ ತಾನೇ ಹುಡುಕಿಕೊಂಡು ಕೂತಿತು. ಈ ತಿಂಗಳ ಎರಡು ಮದುವೆಯವರು ಬೇಡವೆಂದು ಹೇಳಿಕಳಿಸಿದ್ದಾರೆ, ಮಾಲೂರಿನವನನ್ನು ಕರೆಸುತ್ತಾರಂತೆ. ಅವನು ಮುಖ ಬಿಡುತ್ತಾನೆ, ಆಮೇಲೆ ಗೊತ್ತಾಗುತ್ತದೆ.

ನಾಳೆ ತಾಲ್ಲೂಕು ಕಚೇರಿ ಮುಂದೆ ಚಿನ್ನಗಾನಪಲ್ಲಿ ಹೆಂಗಸರ ಧರಣಿ. ಆಂಜಿನಪ್ಪನನ್ನು ಬಿಡಿ, ಮುದುಕನನ್ನು ಹೊಡೆದವರನ್ನು ಹಿಡಿಯಿರಿ ಎಂದು. ಮುಂದಿನ ಸಾಲಿನಲ್ಲಿ ರತ್ನ ಕೂರುತ್ತಾಳೆಂದು ಕೋದಂಡಪ್ಪ ಹೇಳಿದ. ಬೆಳಗ್ಗೆ ಬಿಸಿಲು ಎದುರಿನಿಂದ ಬೀಳುತ್ತದೆ. ನಾನು ಸ್ವಲ್ಪ ಬೇಗ ಹೋಗಿ ಕಚೇರಿಯ ಮೆಟ್ಟಿಲ ಮೇಲೆ ಎಡಗಡೆ ನಿಂತರೆ, ಸೆರಗು ಎಳೆದುಕೊಂಡರೂ ಮುಖ ಚೆನ್ನಾಗಿ ಬರುತ್ತದೆ.